ಮತ್ತು ಇತರರು

ಕಪಾಟು ಒರೆಸುವಾಗ ಹಳೆಯ ಫೈಲಿನಿಂದ ಒಂದು ಅಂಚೆ ಕಾರ್ಡು ಜಾರಿ ಬಿತ್ತು. ಅಂಚಿನಲ್ಲಿ ಹೊಲಿಗೆ ಮಷಿನ್ನಿನ ಎಣ್ಣೆಯ ಕಲೆ. ಮೂಗಿಗೆ ಹಿಡಿದರೆ ಈಗಲೂ ಸಣ್ಣಗೆ ವಾಸನೆ ಇದೆ ಅನಿಸಿತು... ಚಿತ್ತವಾಡ್ಗಿಯ ನಮ್ಮ ಓಣಿಯ ಹೊಲಿಗೆ ಅತ್ತಿ ಕಣ್ಣ ಮುಂದೆ ಬಂದಳು. ನಾನು ಆಡಿ ಬೆಳೆದದ್ದೇ ಅವಳ ಹೊಸ್ತಿಲಲ್ಲಿ.

ಆಗ ನಾನು ಹೊಸಪೇಟೆಯ ಸರ್ಕಾರಿ ರೇಡಿಯೊದಲ್ಲಿ ತಾತ್ಕಾಲಿಕ ಉದ್ಘೋಷಕಿ. ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆ ಕೇಳುಗರ ಮೆಚ್ಚಿನ ಹಾಡುಗಳು. ಅವರ ಕಾರ್ಡುಗಳನ್ನು ಆರಿಸುವವಳೂ ಓದುವವಳೂ ನಾನೇ. ಆದರೆ ಅಧಿಕಾರಿ ಕಟ್ಟುನಿಟ್ಟು: ಕಾರ್ಡಿಗೆ ಮೂರೇ ಹೆಸರು, ಉಳಿದವರೆಲ್ಲ "ಮತ್ತು ಇತರರು". ಚೋರನೂರಿನವರಿಗೂ ಕಂಪ್ಲಿಯವರಿಗೂ ಪಾಳಿ ಸಿಗಬೇಕಲ್ಲ, ಅದು ಅವರ ನ್ಯಾಯ. ತಪ್ಪೇನೂ ಇರಲಿಲ್ಲ.

ಅತ್ತಿ ಪ್ರತಿ ವಾರ ಬರೆಯುತ್ತಿದ್ದಳು. ಓಣಿಯ ಮಕ್ಕಳು, ಬಾಣಂತಿಯರು, ಅಕ್ಕಿ ಗಿರಣಿಗೆ ಹೋಗುವ ಹೆಂಗಸರು, ಎಲ್ಲರ ಹೆಸರೂ ಸಾಲಾಗಿ. ತನ್ನದು ಕಟ್ಟಕಡೆಗೆ. ಎರಡು ವರ್ಷ ನಾನು ಮೊದಲ ಮೂರು ಹೆಸರು ಓದಿ ಮುಂದೆ ಹೋದೆ. ಒಳ್ಳೆಯ ದನಿ ಎಂಬ ಬಿಂಕ ಬೇರೆ ಇತ್ತು. ಒಂದು ದಿನ ರವಿಕೆಯ ಅಳತೆ ಕೊಡಲು ಹೋದಾಗ ಅವಳು ಕಾರ್ಡು ಬರೆಯುತ್ತ ಕುಳಿತಿದ್ದಳು. ಕೊನೆಯ ಸಾಲು ಆಗ ಕಣ್ಣಿಗೆ ಬಿತ್ತು.

"ಅತ್ತಿ, ನಿನ್ನ ಹೆಸ್ರು ಮದ್ಲು ಬರೀಬಾರ್ದೇನು?" ಎಂದೆ.

"ಬಡಿಸಾಕಿ ಮದ್ಲು ಉಣ್ತಾಳೇನವ್ವಾ? ನೀ 'ಇತರರು' ಅಂದ್ರ ನನ್ನ ಕರದಂಗ ಆಗತೈತಿ. ಆದ್ರೂ ಒಂದ್ಸಲ ರೇಡಿಯೊದಾಗ ನನ್ನ ಹೆಸ್ರು ಕೇಳಬೇಕಂತ ಭಾಳ ಆಸಿ ನೋಡು."

ಬರುವ ಶುಕ್ರವಾರ ಅವಳದೇ ಮೊದಲು ಎಂದು ಮಾತು ಕೊಟ್ಟು, ಕಾರ್ಡನ್ನು ಕೈಯಲ್ಲೇ ತಂದೆ. ಅವಳು ಓಣಿಗೆಲ್ಲ ಹೇಳಿಬಿಟ್ಟಳು.

ಅದೇ ವಾರ ಆ ಅರ್ಧ ಗಂಟೆಯನ್ನು ಒಂದು ಬಂಗಾರದ ಅಂಗಡಿಯವರು ಕೊಂಡರು. ನಿಲಯ ತನ್ನ ಆದಾಯ ತಾನೇ ತರಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕಾರ್ಡುಗಳು ನಿಂತವು, ಹಾಡು ಅಂಗಡಿಯವರ ಆಯ್ಕೆ. ಒಂದೇ ಒಂದು ಹೆಸರು ಓದಲೇ ಎಂದು ಕೇಳಿದೆ. ಆಗುವುದಿಲ್ಲ ಎಂದರು ಅಧಿಕಾರಿ. ಅವರ ಮುಖವೂ ಸಣ್ಣದಾಗಿತ್ತು. ಕಾರ್ಡನ್ನು ಎದುರಿಗಿಟ್ಟುಕೊಂಡೇ ಅಂಗಡಿಯ ಹೆಸರನ್ನು ಆರು ಸಲ ಓದಿದೆ. ನಿಜ ಹೇಳಬೇಕೆಂದರೆ, ಕೆಲಸ ಹೋದೀತೆಂದು ಹೆದರಿದ್ದೆ.

ವಾರವಿಡೀ ಬೇರೆ ಓಣಿಯಿಂದ ಸುತ್ತಿ ಮನೆ ಸೇರಿದೆ. ಕಡೆಗೆ ಅವಳೇ ನನ್ನನ್ನು ಹಿಡಿದಳು. ಆ ಶುಕ್ರವಾರ ಮಷಿನ್ ನಿಲ್ಲಿಸಿ, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೇಳಿದ್ದಳಂತೆ.

"ಅಂಗಡಿ ಹೆಸ್ರು ಭಾಳ ಚೆಂದ ಓದಿದಿ ಬಿಡು," ಎಂದಳು.

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕಾರ್ಡುಗಳ ಕಾಲ ಮರಳಲಿಲ್ಲ. ನಾನೂ ಬಳ್ಳಾರಿಯ ಖಾಸಗಿ ಎಫ್‌ಎಂ ಸೇರಿದೆ. ಅಲ್ಲಿ ಹಾಡು ಆರಿಸುವುದು ಕಂಪ್ಯೂಟರು. ಅತ್ತಿ ಹೋಗಿ ಬಹಳ ವರ್ಷವಾಯಿತು...

ಒರೆಸುವ ಬಟ್ಟೆಯನ್ನು ಬದಿಗಿಟ್ಟೆ. ಗಂಟಲು ಸರಿಮಾಡಿಕೊಂಡು ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದಿದೆ, ಅವಳ ಹೆಸರು ಮೊದಲು. ಒಬ್ಬರನ್ನೂ ಬಿಡಲಿಲ್ಲ. ಕೇಳಬೇಕಾದವಳು ಮಾತ್ರ ಇರಲಿಲ್ಲ.