ಮೂರನೇ ಲಾಕರು

ಜಿಮ್ಮಿಗೆ ಸೇರುವಾಗ ತುಂಬುವ ಅರ್ಜಿಯಲ್ಲಿ ‘ಕಾಯಿಲೆ ಏನಾದರೂ ಇದೆಯೇ’ ಎಂಬ ಸಾಲೊಂದಿದೆ. ಸಿಂಧನೂರಿನ ಈ ಜಿಮ್ಮಿನಲ್ಲಿ ಹನ್ನೊಂದರಿಂದ ಒಂದರವರೆಗಿನ ಹೆಂಗಸರ ಬ್ಯಾಚಿಗೆ ಕಲಿಸುವವಳು ನಾನು. ಆ ಸಾಲಿನ ಮುಂದೆ ‘ಏನೂ ಇಲ್ಲ’ ಎನ್ನುವುದನ್ನು ಬಿಟ್ಟು ಬೇರೇನನ್ನಾದರೂ ಬರೆದವರು ಕಡಿಮೆ. ಬಿ.ಪಿ. ಇದ್ದವರೂ ಹಾಗೇ ಬರೆಯುತ್ತಾರೆ, ಮೊಣಕಾಲು ಬಾತವರೂ ಹಾಗೇ ಬರೆಯುತ್ತಾರೆ. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಬಂದ ನಾನು ಇಲ್ಲಿ ಮೊದಲು ಕಲಿತದ್ದು ಅರ್ಜಿಯನ್ನು ನಂಬದಿರುವುದು. ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತರು, ಚಪ್ಪಲಿ ಬಿಡುವಾಗ ಗೋಡೆ ಹಿಡಿದರೇ ಎಂದು ನೋಡುತ್ತಿರುತ್ತೇನೆ.

ಹೋದ ವರ್ಷ ಒಂದೇ ಮನೆಯ ನಾದಿನಿ ಮತ್ತು ವೈನಿ, ಎಂದರೆ ಅವಳ ಅಣ್ಣನ ಹೆಂಡತಿ, ಒಟ್ಟಿಗೆ ಸೇರಿದರು. ನಾದಿನಿಗೆ ಮದುವೆ ಗೊತ್ತಾಗಿತ್ತು, ಸಣ್ಣಗಾಗಬೇಕಿತ್ತು. ವೈನಿ ಪಾಮನಕಲ್ಲೂರಿನ ಹುಡುಗಿ. ಸೊಸೆಯಾಗಿ ಆ ಮನೆಗೆ ಬಂದು ಒಂದು ವರ್ಷವಾಗಿತ್ತು. ಎರಡೂ ಅರ್ಜಿಗಳನ್ನು ನಾದಿನಿಯೇ ತುಂಬಿದಳು.

“ನಮ್ಮ ವೈನಿಗೇನ್ ಆಗೇತ್ರಿ, ಕಲ್ಲಿನಂಗ ಅದಾಳ. ನನ್ನ ಒಬ್ಬಾಕಿನ್ನ ಕಳಸಂಗಿಲ್ಲಂತ ನಮ್ಮವ್ವ ಇಕಿನ್ನ ಗಂಟ್ ಹಾಕ್ಯಾಳ.”

ವೈನಿ ನಕ್ಕಳು. ಮೂರನೇ ಲಾಕರಿನ ಕೀಲಿಯನ್ನು ತಾನೇ ಕೇಳಿ ತೆಗೆದುಕೊಂಡಳು.

ದಿನವೂ ಬಂದವಳೇ ಆ ಲಾಕರಿನ ಕಡೆ ಹೋಗುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತು, ನಂತರ ಒಂದು ಲೋಟ ನೀರು ಕುಡಿದು, ಆಮೇಲೆ ಚಾಪೆ ಹಾಸುತ್ತಿದ್ದಳು. ಟ್ರೆಡ್‌ಮಿಲ್ ಹತ್ತು ಎಂದರೆ, “ಒಲ್ಲೆರಿ, ನಂಗ ನೆಲಾನ ಚೊಲೊ,” ಎನ್ನುತ್ತಿದ್ದಳು. ನನಗೆ ಆ ಲೋಟ ನೀರಿನ ಮೇಲೆ ಅನುಮಾನ ಬಂತು. ಸಣ್ಣಗಾಗಲು ಹೆಸರಿಲ್ಲದ ಕ್ಯಾಪ್ಸೂಲುಗಳನ್ನು ಮನೆಮನೆಗೆ ತಂದು ಮಾರುವವರು ಊರಲ್ಲಿದ್ದಾರೆ. ಅವನ್ನು ನುಂಗಿ ಬಂದವಳೊಬ್ಬಳು ಹಿಂದೊಮ್ಮೆ ಸೈಕಲ್ ಮೇಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಇವಳೂ ಅದನ್ನೇ ನುಂಗುತ್ತಿದ್ದಾಳೆ, ನಾದಿನಿಗೂ ಕೊಡುತ್ತಿದ್ದಾಳೆ ಎಂದುಕೊಂಡೆ.

ಒಂದು ದಿನ ಎಲ್ಲರೂ ಹೋದ ಮೇಲೆ ನನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಲಾಕರು ತೆರೆದೆ. ಕುಂಕುಮದ ಡಬ್ಬಿಯೊಂದಿತ್ತು. ಅದರೊಳಗೆ ಮಡಿಚಿದ ಗುಳಿಗೆಯ ಹಾಳೆ. ಹೆಸರು ಓದಿದೆ. ಸಣ್ಣಗಾಗುವ ಔಷಧವಲ್ಲ, ಮೂರ್ಛೆ ರೋಗಕ್ಕೆ ಕೊಡುವಂಥದ್ದು. ಇದ್ದಂತೆಯೇ ಇಟ್ಟು ಮುಚ್ಚಿದೆ. ನನ್ನ ಚೀಲವನ್ನು ಯಾರಾದರೂ ಮುಟ್ಟಿದರೆ ನಾನು ದಿನಗಟ್ಟಲೆ ಮಾತು ಬಿಡುವವಳು. ಮಸ್ಕಿಯ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಅದೇ ತಲೆಯಲ್ಲಿತ್ತು.

ಮರುದಿನ ಅವಳು ನೀರು ಕುಡಿಯಲು ಹೋಗದೆ ನೇರ ನನ್ನ ಮೇಜಿಗೆ ಬಂದಳು. ನಾದಿನಿ ಟ್ರೆಡ್‌ಮಿಲ್ ಮೇಲಿದ್ದಳು. ಅದರ ಸದ್ದಿನಲ್ಲಿ ನಮ್ಮ ಮಾತು ಯಾರಿಗೂ ಕೇಳುವಂತಿರಲಿಲ್ಲ.

“ನಿನ್ನೆ ನೀವ ತಗದ್ರಿ. ಡಬ್ಬಿ ಮುಚ್ಚಳ ನಾ ಅಷ್ಟ್ ಬಿಗಿ ಹಾಕಂಗಿಲ್ಲ.”

“ಹೌದು, ನಾನ ತಗದೆ. ಎಷ್ಟ ವರ್ಷದಿಂದ ಐತಿ?”

“ಸಾಲ್ಯಾಗ ಎಂಟನೇತ್ತ ಇದ್ದಾಗಿಂದ. ಗುಳಿಗಿ ತಗೊಂಡ್ರ ಬರಂಗಿಲ್ರಿ. ನಮ್ಮವ್ವ ಲಿಂಗಸುಗೂರಾಗ ತಗೊಂಡು, ಶೇಂಗಾ ಹಿಂಡಿ ಚಟ್ನಿ ಜೋಡಿ ಕಟ್ಟಿ ತಂದು ಕೊಡ್ತಾಳ. ಮನ್ಯಾಗ ಎಲ್ಲಿಟ್ರೂ ಯಾರರ ಒಬ್ರ ಕೈ ಹೋಗತೈತಿ. ಅದಕ್ಕ ಇಲ್ಲಿ.”

“ರವಿವಾರ ನಾವು ಜಿಮ್ ತಗ್ಯಂಗಿಲ್ಲಲ್ಲ?”

“ಶನಿವಾರ ಒಂದು ಸೀರಿ ಸೆರಗಿನ ಚುಂಗಿನ್ಯಾಗ ಕಟ್ಕೊಂಡ್ ಹೋಗ್ತೀನ್ರಿ.”

“ಗಂಡಗ ಹೇಳು. ಕೂಸಿನ ವಿಚಾರ ಮಾಡೂಕಿಂತ ಮೊದಲ ಡಾಕ್ಟರಿಗೂ ಹೇಳಬೇಕು.”

ಅವಳು ಟ್ರೆಡ್‌ಮಿಲ್ ಕಡೆ ನೋಡಿದಳು. “ಹೇಳ್ತೀನ್ರಿ. ಆದ್ರ ನಾನ ಹೇಳಬೇಕು. ಬ್ಯಾರೆದವ್ರ ಬಾಯಿಂದ ಗೊತ್ತಾದ್ರ, ಅವತ್ತ ನಾ ಪಾಮನಕಲ್ಲೂರಾಗ ತವರಮನ್ಯಾಗ ಇರ್ತೀನಿ.”

ಅದಾಗಿ ಹತ್ತು ದಿನಕ್ಕೆ ನಾದಿನಿಗೆ ಕೂದಲು ಕಟ್ಟಲು ರಬ್ಬರು ಬೇಕಾಯಿತು. ವೈನಿ ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿದ್ದ ಕೀಲಿ ತೆಗೆದುಕೊಂಡು ನಾದಿನಿ ತಾನೇ ಲಾಕರು ತೆರೆದಳು. ಗುಳಿಗೆಯ ಹಾಳೆ ಹಿಡಿದು ಬಂದಳು.

“ವೈನಿ, ಇವ್ಯಾವು?”

ವೈನಿ ಎದ್ದು ಕೂತಳು.

“ಅವು ನನ್ನವು,” ಎಂದೆ. “ನಾನ ಇಟ್ಕೋ ಅಂದಿದ್ದೆ. ಇಲ್ಲಿ ಕೊಡು.”

“ಯಾತರವು ಮೇಡಂ?”

“ನನ್ನವು ಅಂದೆನಲ್ಲ.”

ಅವಳು ಕೊಟ್ಟಳು. ಕೊಡುವ ಮೊದಲು ತುಟಿ ಅಲುಗಿಸಿ ಹೆಸರು ಓದಿಕೊಂಡಳು. ಅವಳ ಸೋದರಮಾವನದೊಂದು ಮೆಡಿಕಲ್ ಅಂಗಡಿ ಇದೆ ಎಂದು ನನಗೆ ಗೊತ್ತಿತ್ತು.

ಅಂದಿನಿಂದ ಹಾಳೆ ನನ್ನ ಮೇಜಿನ ಡ್ರಾಯರಿಗೆ ಬಂತು. ತೂಕ ಬರೆಸುವ ನೆಪದಲ್ಲಿ ವೈನಿ ದಿನವೂ ಮೇಜಿಗೆ ಬರತೊಡಗಿದಳು. ಬ್ಯಾಚಿನ ಉಳಿದವರು ನನ್ನೊಡನೆ ಒಮ್ಮೆಲೇ ಮೆತ್ತಗೆ ಮಾತಾಡತೊಡಗಿದರು. “ನೀವ್ ಕುಂದ್ರರಿ ಮೇಡಂ, ಡಂಬೆಲ್ಸ್ ನಾವ ಎತ್ತಿಡ್ತೀವಿ.” ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ನಾದಿನಿ ಮನೆಯ ಹಳೆಯ ಕಬ್ಬಿಣದ ಕೀಲಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. “ಇರ್ಲಿ ತಗೋರಿ, ಕೈಗೆ ಬೇಕಾಗತೈತಿ,” ಎಂದಳು. ಯಾಕೆಂದು ಕೇಳಲಿಲ್ಲ. ಮೂರ್ಛೆ ಹೋದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರಿಂದ ಏನೂ ಆಗದು ಎಂದು ಹೇಳಬಹುದಿತ್ತು. ಹೇಳಿದರೆ ಮಾತು ಬೆಳೆಯುತ್ತಿತ್ತು. ಅವಳದು ಚುಚ್ಚುಮಾತೋ ಕಾಳಜಿಯೋ ನನಗೆ ಇನ್ನೂ ತಿಳಿದಿಲ್ಲ.

ಮಾತು ಮಸ್ಕಿ ಮುಟ್ಟಲು ತಿಂಗಳು ಬೇಕಾಗಲಿಲ್ಲ. ನನ್ನನ್ನು ಹೆಣ್ಣು ನೋಡಲು ಲಿಂಗಸುಗೂರಿನಿಂದ ಬರಬೇಕಿದ್ದವರು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಕಾರಣವನ್ನು ಅವ್ವನಿಗೆ ಯಾರೋ ಹೇಳಿದ್ದರು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

“ಹಾಸ್ಟೆಲ್ಲಿನ್ಯಾಗ ಇದ್ದಾಗ ನಿನಗೇನರ ಆಗಿತ್ತೇನು?”

“ಏನೂ ಇಲ್ಲ.”

“ಗುಳಿಗಿ ನುಂಗತಿಯಂತ.”

“ಇಲ್ಲಬೇ.”

“ಮತ್ತ ಅವ್ರ ಬಾಯಾಗ ನಿಂದ ಹೆಸರು ಯಾಕ ಬರತೈತಿ?”

ಅರ್ಜಿ ತುಂಬಿದವರನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ವೈನಿಯ ಹೆಸರು ಹೇಳಿದ್ದರೆ ಅವ್ವ ನಂಬುತ್ತಿದ್ದಳು; ನಂಬಿ, ಲಿಂಗಸುಗೂರಿನವರಿಗೂ ತಿಳಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಚೀಲ ನೋಡಿದೆ. ಪಕ್ಕದ ಜೇಬಿನ ಜಿಪ್ಪನ್ನು ನಾನು ಯಾವಾಗಲೂ ಅರ್ಧ ಬಿಟ್ಟಿರುತ್ತೇನೆ. ಅದು ಪೂರ್ತಿ ಎಳೆದು ಮುಚ್ಚಿತ್ತು.

ಜಿಮ್ಮಿಗೆ ಬಂದು ಡ್ರಾಯರು ತೆರೆದೆ. ಹಾಳೆಯಲ್ಲಿ ನಾಲ್ಕು ಗುಳಿಗೆ ಉಳಿದಿದ್ದವು. ಹನ್ನೊಂದಕ್ಕೆ ವೈನಿ ತೂಕ ಬರೆಸಲು ಬಂದಳು. “ಗಂಡಗ ಹೇಳಿದೇನು?” ಎಂದೆ.

“ಈ ವಾರ ಹೇಳ್ತೀನ್ರಿ,” ಎಂದು ಕೈ ಚಾಚಿದಳು.

ನಂಬಲಿಲ್ಲ. ಗುಳಿಗೆ ಕೊಟ್ಟೆ, ನೀರು ನಾನೇ ತಂದುಕೊಟ್ಟೆ.