ಟೊಮೇಟೊ ಗಿಡಕ್ಕೆ ಚುನಾವಣೆಯ ತಂತಿ

ಥಾರ್ನ್‌ಹಿಲ್‌ನ ನಮ್ಮ ಹಿತ್ತಲಿನ ಟೊಮೇಟೊ ಗಿಡಗಳು ಈ ಬೇಸಿಗೆಯಲ್ಲಿ ಆತು ನಿಂತಿರುವುದು ಚುನಾವಣೆಯ ತಂತಿಗಳಿಗೆ. ಮನೆಯ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಯ ಹೆಸರಿನ ಫಲಕ ನೆಡುತ್ತಾರಲ್ಲ, ಅದರ ಕಾಲುಗಳಿವು. ಹತ್ತಿರದ ಊರು ಬೋಲ್ಟನ್ನಿನ ಗೋದಾಮೊಂದರಲ್ಲಿ ಚೌಕಾಶಿ ಮಾಡಿ, ಎದ್ದು ಹೊರಟು, ಬಾಗಿಲಲ್ಲಿ ವಾಪಸು ಕರೆಸಿಕೊಂಡು ಅಗ್ಗಕ್ಕೆ ತಂದ ಮಾಲು. ಎದ್ದು ಹೊರಡುವ ಕಲೆ ಬಾರದವರು ಅಂಗಡಿಯ ಮೆಟ್ಟಿಲನ್ನೇ ಹತ್ತಬಾರದು, ಸ್ನೇಹಿತರೇ. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬಂದ ನಾನು ಇಲ್ಲಿ ಅಂಗಡಿ, ಮನೆ ಎರಡನ್ನೂ ಗಳಿಸಿದ್ದು ಆ ಕಲೆಯಿಂದಲೇ.

ತಂದದ್ದು ತಂಗಿಯ ಮಗಳು ಶೈಲಾಳ ಚುನಾವಣೆಗೆ. ಇಲ್ಲಿಂದ ದಕ್ಷಿಣಕ್ಕೆ, ಗಡಿಯಾಚೆ ಅಮೆರಿಕದ ರಾಜ್ಯವೊಂದರಲ್ಲಿ ಅವಳು ವಕೀಲೆ, ಶಾಸಕಿ ಕೂಡ. ಅಲ್ಲಿ ಶಾಸಕಗಿರಿಯಿಂದ ಹೊಟ್ಟೆ ತುಂಬುವುದಿಲ್ಲ. ಅಧಿವೇಶನ ಮುಗಿದೊಡನೆ ಮತ್ತೆ ಕೋರ್ಟು. ತಂತಿಯ ಸುದ್ದಿ ಕೇಳಿ ನಕ್ಕಳು: "ಮಾಮಾ, ಪರದೇಶದವ್ರ ಕಡಿಂದ ಎಲೆಕ್ಷನ್ನಿಗೆ ಒಂದ್ ಮೊಳೀನೂ ತಗೊಳ್ಳೂ ಹಂಗಿಲ್ಲ. ಇಲ್ಲೀಗಲ್!" ಸೋದರಮಾವ ಪರದೇಶದವನಾದ ಆಘಾತವನ್ನು ಅರಗಿಸಿಕೊಳ್ಳುವಷ್ಟರಲ್ಲಿ ದೊಡ್ಡದೊಂದು ಬಂದೆರಗಿತು.

ಮನೆ ಖಾಲಿ ಮಾಡಿಸುವ ಮೊಕದ್ದಮೆಗಳಲ್ಲಿ ಬಡ ಬಾಡಿಗೆದಾರರಿಗೂ ಸರ್ಕಾರವೇ ವಕೀಲರನ್ನು ಕೊಡಬೇಕೆಂಬ ಮಸೂದೆ ಅವಳ ವರ್ಷಗಳ ತಪಸ್ಸು. ಆದರೆ ಕ್ಷೇತ್ರಗಳ ಗಡಿ ಬದಲಾಗಿ, ಅವಳಿಗೂ ಅವಳದೇ ಪಕ್ಷದ ಹಿರಿಯ ಶಾಸಕನೊಬ್ಬನಿಗೂ ಸೇರಿ ಒಂದೇ ಸೀಟು ಉಳಿದಿತ್ತು. ಮಸೂದೆ ಕೊಳೆಯುತ್ತಿದ್ದ ಸಮಿತಿಗೆ ಆತನೇ ಅಧ್ಯಕ್ಷ. ಎದುರಾಳಿಗೆ ಹೆಸರು ತರುವ ಕಾಯ್ದೆಯನ್ನು ಯಾವನು ಮುಂದೆ ಬಿಟ್ಟಾನು? ಒಂದು ಭಾನುವಾರ ಶೈಲಾ ಫೋನಿನಲ್ಲಿ ತಣ್ಣಗೆ ಹೇಳಿದಳು: "ಈ ಸಲ ನಾ ನಿಂದ್ರಂಗಿಲ್ಲ ಮಾಮಾ. ಅನೌನ್ಸ್ ಮಾಡಿಬಿಟ್ಟೆ. ಬಿಲ್ಲಿಗೂ ನೀವ ನಿಮ್ಮ ಹೆಸರು ಹಾಕ್ಕೊಳ್ರಿ ಅಂತ ಅವ್ರಿಗೆ ಹೇಳೀನಿ."

ಮರುಕ್ಷಣ ನನಗೆ ಹೊಳೆಯಿತು: ಇದು ನಾನೇ ಕಲಿಸಿದ ವಿದ್ಯೆ!

"ಶಾಣ್ಯಾಕಿ! ಎದ್ದು ಹೊಂಟಿ ಅನ್ನು. ಯಾವಾಗ ಕರೀತಾರ?"

"ಕರೀಲಿ ಅಂತ ಎದ್ದಿಲ್ಲ ಮಾಮಾ."

"ಹುಚ್ಚಿ, ಅಂಗಡೀನ ಬಿಟ್ಟುಕೊಟ್ಟು ಯಾರರ ವ್ಯಾಪಾರ ಮಾಡ್ತಾರೇನ?"

"ಬೈಯೂದು ಮುಗೀತಂದ್ರ ಹೇಳು, ನನಗ ಕೋರ್ಟಿನ ಕೆಲಸ ಐತಿ."

ಮಸೂದೆ ಪಾಸಾಯಿತು, ಆತನ ಹೆಸರಿನಲ್ಲಿ. ಅವಳೀಗ ಅದೇ ಕಾಯ್ದೆ ಹಿಡಿದು ಬಾಡಿಗೆದಾರರ ಪರ ವಾದಿಸುತ್ತಾಳೆ. ಆ ಕಾಯ್ದೆ ಯಾರ ಕೈಯಲ್ಲಿ ಹುಟ್ಟಿತೆಂದು ಪಕ್ಕದಲ್ಲಿ ನಿಂತ ಕಕ್ಷಿದಾರನಿಗೂ ಗೊತ್ತಿಲ್ಲ. ನಾನು ಜೀವನವಿಡೀ ಬಾಗಿಲ ತನಕ ಹೋಗಿ, ಬೆನ್ನಿಗೆ ಕಿವಿ ಹಚ್ಚಿಕೊಂಡು ನಿಂತವನು. ಬಾಗಿಲು ದಾಟಿಯೇ ಹೋಗುವವರೂ ಇದ್ದಾರೆ, ಅದೂ ನಮ್ಮ ಮನೆಯಲ್ಲೇ, ಎಂಬ ದಿಗ್ಭ್ರಮೆ ಇನ್ನೂ ಇಳಿದಿಲ್ಲ.

ಸಂಜೆ ಗಿಡಗಳಿಗೆ ನೀರು ಹಾಕುವಾಗ ನೋಡುತ್ತೇನೆ. ಯಾರ ಹೆಸರನ್ನೂ ಹೊರದ ಆ ತಂತಿಗಳ ಮೇಲೆ ಕಾಯಿಗಳು ಮಾತ್ರ ಭಾರವಾಗಿ ತೂಗುತ್ತಿವೆ.