ಎಡಗಡೆ ಇಂಜಿನ್ನಿನ ನಾಲ್ಕು ಬೋಲ್ಟು

ಮನೆಗೆ ಬೀಗ ಹಾಕಿ, ಗೇಟು ದಾಟಿ, ಬೈಕು ಸ್ಟಾರ್ಟ್ ಮಾಡಿ, ಮತ್ತೆ ಇಳಿದು ಬಂದು ಬೀಗ ಜಗ್ಗಿ ನೋಡುವವರ ಪೈಕಿ ನಾನು. ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಮೊದಲು ನಾನು ಹೀಗಿರಲಿಲ್ಲ. ಅಣ್ಣನ ಬೋಟಿನ ಇಂಜಿನ್ ಕಟ್ಟಿಕೊಟ್ಟ ವರ್ಷದಿಂದ ಹೀಗಾದದ್ದು.

ನನ್ನ ಕೆಲಸ ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ. ಆದರೆ ಬೋಟು ಹತ್ತಿ ಸಮುದ್ರಕ್ಕೆ ಹೋದರೆ ಬೆಳಿಗ್ಗೆ ತಿಂದ ಕೊಟ್ಟೆ ಕಡುಬೆಲ್ಲ ವಾಪಸ್ ಬರುತ್ತದೆ. ಹೋಗುವವರು ಬೇರೆಯವರು, ದಡದಲ್ಲಿ ಕೈ ಒರೆಸಿಕೊಂಡು ನಿಲ್ಲುವವನು ನಾನು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಮರಳ ದಿಬ್ಬ ಇದೆ, ಅಲ್ಲಿ ಅಲೆ ಎದ್ದು ಮುರಿಯುತ್ತದೆ. ಅದನ್ನು ದಾಟುವಾಗ ಇಂಜಿನ್ ಕೈಕೊಟ್ಟರೆ ಬೋಟು ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ಬೋಟನ್ನು ಮುಂದಿನ ಅಲೆ ಮಗುಚಿ ಹಾಕುತ್ತದೆ. ಹಾಗಾಗಿ ಈ ಬಂದರಿನಲ್ಲಿ ಮೆಕ್ಯಾನಿಕ್ಕಿನ ಮಾನ ಅಂದರೆ ಬೇರೆಯವರ ಜೀವ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನ ಪಾಲಿಗೆ ಆ ಅಡಿಕೆಯೇ ಬೋಲ್ಟು.

ಅಣ್ಣ ಮುಂಬೈಯಲ್ಲಿ ಹೋಟೆಲ್ ನಡೆಸಿ ಸಾಕಾಗಿ ಊರಿಗೆ ಬರುವಾಗ ಜೊತೆಗೆ ಒಂದು ಹಳೇ ಬೋಟು ತಂದ. ಮೀನಿನ ಬೋಟಲ್ಲ, ಶ್ರೀಮಂತರು ಮೋಜಿಗೆ ಇಟ್ಟುಕೊಳ್ಳುತ್ತಾರಲ್ಲ, ಮಲಗುವ ಕೋಣೆ, ಅಡುಗೆ ಮೂಲೆ ಎಲ್ಲ ಇರುವ ಯಾಟ್. ಸಾಗುವಾನಿ ಮರದ್ದು. ಒಳಗೆ ಎಡಕ್ಕೊಂದು ಬಲಕ್ಕೊಂದು ಇಂಜಿನ್, ಎರಡೂ ತುಕ್ಕು ಹಿಡಿದು ಅಲ್ಲಾಡದೆ ಕೂತಿದ್ದವು. ಅದನ್ನು ದೊಡ್ಡ ಲಾರಿಯಲ್ಲಿ ಹೆದ್ದಾರಿ ಮೇಲೆ ತಂದು ಹೊಳೆ ದಂಡೆಯಲ್ಲಿ ಇಳಿಸಿದಾಗ ಬಂದರಿನ ಜನ ಎಲ್ಲ ನೋಡಲು ಬಂದರು.

"ಇದ್ ಎಂತಕ್ಕಣ್ಣಯ್ಯ?" ಎಂದೆ.

"ಅಮ್ಮನ್ ಕೂರ್ಸ್ಕಂಡ್ ಹೋಪುಕೆ" ಅಂದ.

ತಮಾಷೆ ಅಂದುಕೊಂಡೆ, ಅಲ್ಲ. ಅಮ್ಮನ ತವರು ನಾವುಂದ, ಕಡಲ ಬದಿಯ ಮನೆ. ಹುಟ್ಟಿದಾರಭ್ಯ ದಡದಿಂದ ಸಮುದ್ರ ನೋಡಿದವಳಿಗೆ ಒಂದು ಸಲ ಸಮುದ್ರದಿಂದ ತನ್ನ ದಡ ನೋಡಬೇಕು ಅಂತ ಆಸೆ. ಮದುವೆಯಾಗಿ ಬಿಜೂರಿನ ಗದ್ದೆ ಮನೆಗೆ ಬಂದಮೇಲೆ ಆ ಮಾತು ಆಡಿದ್ದು ಅಣ್ಣನ ಹತ್ತಿರ ಮಾತ್ರವಂತೆ. ನನಗೆ ಹೇಳಲಿಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು, ಈಗ ಒಪ್ಪಿಕೊಳ್ಳುತ್ತೇನೆ.

ಮಳೆಗಾಲ ಪೂರ್ತಿ ಆ ಎರಡು ಇಂಜಿನ್ನಿನ ಜೊತೆ ಕಳೆದೆ. ಬೋಟಿನ ನೆಲ ಬಿಚ್ಚಿ, ಸರಪಳಿ ಕಟ್ಟಿ ಎರಡನ್ನೂ ಮೇಲೆತ್ತಿದೆ. ಬಲಗಡೆಯದರ ಪಿಸ್ಟನ್ ಕಚ್ಚಿಕೊಂಡಿತ್ತು, ಎಡಗಡೆಯದರ ಒಳಗೆ ಉಪ್ಪುನೀರು ಹೋಗಿ ಸಿಲಿಂಡರಿನಲ್ಲಿ ಗುಳಿ ಬಿದ್ದಿತ್ತು. ಸಿಲಿಂಡರ್ ಕೊರೆಸುವ ಬೋರಿಂಗಿಗೆ ಮಂಗಳೂರು, ಬೇರಿಂಗಿಗೆ ಮತ್ತೆ ಮಂಗಳೂರು. ಕೂತಲ್ಲಿ ಕೂರಲಾಗಲಿಲ್ಲ ಆ ಮೂರು ತಿಂಗಳು. ಊಟಕ್ಕೆ ಕೂತರೆ ಒಂದು ವಾಷರ್ ನೆನಪಾಗಿ ಕೈ ತೊಳೆದು ಏಳುತ್ತಿದ್ದೆ. ಮೀನಿನ ಬೋಟಿಗೆ ಒಂದೇ ಇಂಜಿನ್, ತಲೆಯಲ್ಲಿ ಒಂದೇ ಲೆಕ್ಕ. ಇಲ್ಲಿ ಎಲ್ಲವೂ ಎರಡೆರಡು. ಒಂದು ಕಡೆ ಮಾಡಿದ ಕೆಲಸ ಇನ್ನೊಂದು ಕಡೆಯೂ ಮಾಡಿದ ಹಾಗೆ ಅನ್ನಿಸಿಬಿಡುತ್ತಿತ್ತು.

ಕಡೆಯ ಕೆಲಸ ನೀರಿನಲ್ಲೇ ಆಗಬೇಕು. ಗೇರ್‌ಬಾಕ್ಸಿನಿಂದ ಹೊರಗೆ ನೀರು ತಳ್ಳುವ ಫ್ಯಾನಿಗೆ ಹೋಗುವ ಶಾಫ್ಟನ್ನು ಎರಡು ಕಬ್ಬಿಣದ ತಟ್ಟೆ ಸೇರಿಸಿ ನಾಲ್ಕು ಬೋಲ್ಟು ಹಾಕಿ ಹಿಡಿಸುತ್ತೇವೆ. ಮರದ ಬೋಟು ನೀರಿಗಿಳಿದ ಮೇಲೆ ಸ್ವಲ್ಪ ಮೈ ಸಡಿಲಿಸುತ್ತದೆ. ಅದಕ್ಕೇ ದಡದಲ್ಲಿರುವಾಗ ಬೋಲ್ಟನ್ನು ಬೆರಳಲ್ಲಷ್ಟೇ ತಿರುಗಿಸಿ ಇಟ್ಟು, ನೀರಿಗಿಳಿಸಿ, ಎರಡು ದಿನ ಬಿಟ್ಟು, ತಟ್ಟೆಗಳು ನೇರ ಕೂತಿವೆಯೇ ನೋಡಿಕೊಂಡು ಬಿಗಿ ಮಾಡುವುದು.

ಅಮ್ಮನನ್ನು ಕರೆದೊಯ್ಯಲು ಗೊತ್ತು ಮಾಡಿದ ದಿನ ಬೆಳಿಗ್ಗೆ ನಾನು ಕೆಳಗೆ ಬಗ್ಗಿ ಬಲಗಡೆಯ ನಾಲ್ಕನ್ನೂ ಬಿಗಿ ಮಾಡಿ ಎಡಗಡೆಗೆ ತಿರುಗಿದೆ. ಮೇಲಿಂದ ಅತ್ತಿಗೆ ಕೂಗಿದರು, "ಮುಹೂರ್ತ ಮೀರತ್ತ್, ಕಾಯಿ ಒಡೂಕೆ ನೀವೇ ಬರ್ಕ್ ಗಡ!" ಇಂಜಿನ್ ಕಟ್ಟಿದವನೇ ಕಾಯಿ ಒಡೆಯಬೇಕು ಎಂದು ಭಟ್ಟರು ಹೇಳಿದ್ದರಂತೆ. ಗ್ರೀಸಿನ ಕೈ ತೊಳೆದು ಮೇಲೆ ಬಂದೆ. ಕಾಯಿ ಚೆನ್ನಾಗಿ ಎರಡು ಹೋಳಾಯಿತು. ಎಲ್ಲರೂ ಖುಷಿಯಾದರು, ನಾನೂ ಖುಷಿಯಾದೆ, ಪ್ರಸಾದ ತಿಂದು ಬೋಟು ಕಟ್ಟುವ ದಕ್ಕೆಗೆ ಇಳಿದೆ.

ಬೋಟಿನಲ್ಲಿ ಅಣ್ಣ, ಅತ್ತಿಗೆ, ಅಮ್ಮ, ಮತ್ತು ಬೋಟು ನಡೆಸಲು ಬಂದ ಅನುಭವಸ್ಥ ತಾಂಡೇಲರು. ಉಬ್ಬರದ ನೀರು ತುಂಬಿತ್ತು. ಎರಡೂ ಇಂಜಿನ್ ಒಂದೇ ಶ್ರುತಿಯಲ್ಲಿ ಗುನುಗಿದವು. ಅಮ್ಮ ಸೀರೆ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಗ್ಗ ಬಿಚ್ಚಿದರು.

ಆ ಸೆರಗು ಸಿಕ್ಕಿಸಿದ್ದನ್ನು ನೋಡಿದಾಗಲೇ ನನಗೆ ಅನುಮಾನ ಹುಟ್ಟಿದ್ದು. ಎಡಗಡೆ ಬಿಗಿ ಮಾಡಿದೆನೇ?

ಮಾಡಿದ ನೆನಪಿತ್ತು. ಆದರೆ ಅದು ಬಲಗಡೆಯ ನೆನಪೋ ಎಡಗಡೆಯದೋ ತಿಳಿಯಲಿಲ್ಲ. ಬೋಟು ಆಗಲೇ ಐವತ್ತು ಮಾರು ಹೋಗಿತ್ತು. ನಮ್ಮಲ್ಲಿ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಎಲ್ಲಿಗೆ ಎಂದು ಕೂಡ ಕೇಳಬಾರದು. ಅದರಲ್ಲೂ ಸಮುದ್ರಕ್ಕೆ ಹೊರಟವರನ್ನು, ಅದೂ ಮೊದಲ ಸಲ, ಅದೂ ಕಾಯಿ ಒಡೆದ ಕೈಯವನೇ! ದಕ್ಕೆಯಲ್ಲಿ ಬಂದರಿನ ಅರ್ಧ ಜನ ನಿಂತಿದ್ದರು. ಬೋಲ್ಟು ಗಟ್ಟಿ ಇದ್ದರೆ ನಾನು ಅಪಶಕುನ. ಸಡಿಲ ಇದ್ದರೆ ನನ್ನ ಕಸುಬು ಅಂದಿಗೆ ಮುಗಿಯಿತು. ಸುಮ್ಮನಿದ್ದರೆ ಅಳಿವೆ.

"ಹ್ವಾಯ್! ಅಣ್ಣಯ್ಯಾ, ತಿರ್ಗ್ಸಿ! ತಿರ್ಗ್ಸಿ!"

ಪಕ್ಕದಲ್ಲಿದ್ದವರೊಬ್ಬರು ನನ್ನ ಬಾಯಿ ಮುಚ್ಚಲು ಬಂದರು. ನಾನು ಟವೆಲ್ ಬೀಸುತ್ತ ಕೂಗುತ್ತಲೇ ಇದ್ದೆ. ಬೋಟು ತಿರುಗಿತು. ತಾಂಡೇಲರ ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು.

"ಎಡ್ಗಡಿ ಬೋಲ್ಟ್ ಒಂಚೂರ್ ಕಾಂಬ ಅಂತೇಳಿ..." ಎಂದೆ ತಗ್ಗಿದ ದನಿಯಲ್ಲಿ.

ಅಣ್ಣ ನನ್ನ ಮುಖವನ್ನೇ ನೋಡಿದ. ಮತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಕರ್ದಾಯ್ತಲೆ. ಇನ್ ಇಳ್ದ್, ಕೂತ್ಕಂಡ್, ನೀರ್ ಕುಡ್ದೇ ಹೋಪ." ಅದೇ ಪರಿಹಾರ, ಹೊರಟವರು ತಿರುಗಿ ಬಂದರೆ ಕೂತು ನೀರು ಕುಡಿದು ಹೊಸದಾಗಿ ಹೊರಡುವುದು. ಅಮ್ಮ, ಅತ್ತಿಗೆ, ತಾಂಡೇಲರು ಇಳಿದು ದಕ್ಕೆಯ ಮೇಲೆ ಕೂತರು. ಅಣ್ಣ ಮಾತ್ರ ಬೋಟಿನಲ್ಲೇ, ನಾನು ಇಳಿದ ಕಿಂಡಿಯ ಪಕ್ಕ ಚೊಂಬು ಹಿಡಿದು ಕೂತ.

ಕೆಳಗೆ ಹೋಗಿ ಎಡಗಡೆಯ ಬೋಲ್ಟಿಗೆ ಕೈ ಇಟ್ಟೆ. ಬೆರಳಲ್ಲಿ ತಿರುಗಿತು. ನಾಲ್ಕೂ ತಿರುಗಿದವು. ತಟ್ಟೆ ನೇರ ಇರುವುದನ್ನು ನೋಡಿಕೊಂಡು ಸಾಕೆಟ್ಟಿನ ಹಿಡಿ ಕಟಕಟ ಅನ್ನಿಸುತ್ತ ನಾಲ್ಕನ್ನೂ ಬಿಗಿ ಮಾಡಿದೆ, ಎರಡೆರಡು ಸಲ. ಮೇಲೆ ಬರುವಾಗ ನಿಜ ಹೇಳಬೇಕೆಂದೇ ಬಂದೆ. ದಕ್ಕೆಯ ತುಂಬ ಮುಖಗಳು ಕಂಡವು.

"ಗಟ್ಟಿ ಇತ್ತ್. ನನ್ನ್ ಭ್ರಮೆ" ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರು ನಕ್ಕವನು ಅಣ್ಣ. ಆ ಸಲ ನಾನೂ ಹತ್ತಿ ಹೋದೆ. ಅಳಿವೆಯಲ್ಲಿ ಬೋಟು ಎದ್ದು ಬಿದ್ದಾಗಲೂ, ನಾವುಂದದ ಎದುರು ಅಮ್ಮ "ಅಕಾ, ನಮ್ ತೆಂಗಿನ್ ಮರ!" ಎಂದು ಅತ್ತಾಗಲೂ ನಾನು ಕೆಳಗೆ ಬಕೆಟ್ಟು ಅಪ್ಪಿಕೊಂಡು, ವಾಂತಿ ಮಾಡುತ್ತ, ಆ ನಾಲ್ಕು ಬೋಲ್ಟನ್ನೇ ನೋಡುತ್ತಿದ್ದೆ. ಅಮ್ಮ ಕಂಡ ದಡ ನಾನು ಕಾಣಲಿಲ್ಲ.

ಅಂದಿನಿಂದ ಅಣ್ಣ ಸಿಕ್ಕಿದಲ್ಲೆಲ್ಲ ಈ ಕಥೆ ಹೇಳಿದ. ಮದುವೆ ಮನೆಯಲ್ಲಿ, ಚಾ ಅಂಗಡಿಯಲ್ಲಿ, ಗುಲ್ವಾಡಿಯ ನನ್ನ ಮಾವನ ಮನೆಯಲ್ಲಿ ಕೂಡ. "ಬೋಲ್ಟ್ ಕಲ್ಲಾಂಗ್ ಇತ್ತ್ ಮಾರಾಯ್ರೆ, ಇಂವಂಗೆ ಅನ್ಮಾನ!" ಜನ ನಕ್ಕು, ಮರುದಿನ ತಮ್ಮ ಇಂಜಿನ್ ನನ್ನಲ್ಲಿಗೇ ತಂದರು. ಅಷ್ಟು ಅನುಮಾನದವನು ತಪ್ಪು ಮಾಡುವುದಿಲ್ಲ ಅಂತ. ಅವರು ನಂಬಿದಷ್ಟೂ ನನಗೆ ನಿದ್ದೆ ಕಡಿಮೆಯಾಯಿತು. ಬೀಗ ಜಗ್ಗುವುದು ಶುರುವಾಯಿತು.

ಈ ಮಳೆಗಾಲದಲ್ಲಿ ಅದೇ ಬೋಟನ್ನು ಮತ್ತೆ ದಡಕ್ಕೆ ಎಳೆದು ಇಂಜಿನ್ ಬಿಚ್ಚಿದೆವು. ಎಡಗಡೆಯ ಬೋಲ್ಟು ಕಳಚಲು ಸಾಕೆಟ್ ಹಾಕಿ ಹಿಡಿ ಆಡಿಸಿದಾಗ ಅದು ಅವತ್ತಿನ ಹಾಗೇ ಕಟಕಟ ಅಂದಿತು. ತಡೆಯಲಾಗಲಿಲ್ಲ.

"ಅಣ್ಣಯ್ಯ, ಅವತ್ತ್ ಇದ್ ಗಟ್ಟಿ ಇರ್ಲಿಲ್ಲೆ."

"ಗೊತ್ತಿತ್ತ್" ಅಂದ ಅವನು, ತಲೆ ಎತ್ತದೆ. "ಗಟ್ಟಿ ಇದ್ ಬೋಲ್ಟ್ ಅಷ್ಟ್ ಹೊತ್ ಕಟಕಟ ಅಂತತ್ತಾ? ನಾನ್ ಮೇಲೇ ಕೂತಿದ್ನಲೆ."

"ಮತ್ತ್ ಎಂತಕ್ ಹೇಳ್ಲಿಲ್ಲೆ?"

"ಹೇಳಿರೆ ನಿಂಗ್ ಯಾರ್ ಇಂಜಿನ್ ಕೊಡ್ತಿದ್ರ್?"

ಇಷ್ಟು ವರ್ಷ ಅವನು ನಗಾಡಿದ್ದು ನನ್ನನ್ನಲ್ಲ, ನನ್ನ ಪರವಾಗಿ. ಆದರೂ ಸಿಟ್ಟು ಬಂತು, ಅಮ್ಮ ಇದ್ದಳಲ್ಲ ಬೋಟಿನಲ್ಲಿ!

"ಗೊತ್ತಿದ್ದೂ ಅಮ್ಮನ್ ಕರ್ಕಂಡ್ ಹೋದ್ಯಲೆ?"

ಅಣ್ಣ ಕೈಯ ಗ್ರೀಸನ್ನು ನನ್ನ ಟವೆಲಿಗೇ ಒರೆಸಿದ. "ನೀನ್ ಬಿಗಿ ಮಾಡಿದ್ ಶಬ್ದವೂ ಕೇಂಡಿದ್ದೆ" ಅಂದ.